ಶಾಸಕರ 43 ಕೋಟಿ, ಡೊಂಬಿವಲಿಯ ಒಂದು ಕೋಟಿ: ಅಫಿಡವಿಟ್ ಓದುವ ಬಗೆ

ಮಹಾರಾಷ್ಟ್ರ ವಿಧಾನಸಭೆಗೆ 2024ರ ನವೆಂಬರ್‌ನಲ್ಲಿ ಆರಿಸಿ ಬಂದ 288 ಮಂದಿಯಲ್ಲಿ 286 ಮಂದಿ ನಾಮಪತ್ರದ ಜೊತೆ ಸಲ್ಲಿಸಿದ ಆಸ್ತಿ ಅಫಿಡವಿಟ್‌ಗಳನ್ನು ಚುನಾವಣಾ ಸುಧಾರಣೆಯ ಸಂಸ್ಥೆ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್, ಕೂಡಿ ಕಳೆದು ನೋಡಿತು. 277 ಮಂದಿ ಕೋಟ್ಯಧಿಪತಿಗಳು, ಶೇಕಡಾ 97. ಸರಾಸರಿ ಆಸ್ತಿ 43.42 ಕೋಟಿ ರೂಪಾಯಿ. 2019ರ ಸದನದಲ್ಲಿ ಅದು 22.42 ಕೋಟಿ ಇತ್ತು. ಐದೇ ವರ್ಷದಲ್ಲಿ ಶಾಸಕರ ಸಂಪತ್ತು ಹೆಚ್ಚುಕಡಿಮೆ ಇಮ್ಮಡಿ ಆಯಿತು ಎಂದು ಲೋಕಲ್ ರೈಲಿನಲ್ಲೂ ಹೋಟೆಲಿನ ಗಲ್ಲೆಯ ಮುಂದೆಯೂ ಮಾತು ನಡೆಯಿತು.

ಈ ಅಂಕಿಗಳು ಸರಿ. ಅವುಗಳಿಂದ ನಾವು ತೆಗೆಯುವ ತೀರ್ಮಾನ ಮಾತ್ರ ಸಾಮಾನ್ಯವಾಗಿ ಅಡ್ಡದಾರಿ ಹಿಡಿಯುತ್ತದೆ. ‘ಕೋಟ್ಯಧಿಪತಿ’ ಎಂಬ ಹಣೆಪಟ್ಟಿ ಮುಂಬಯಿ, ಪುಣೆಗಳಲ್ಲಿ ಏನನ್ನೂ ಹೇಳುವುದಿಲ್ಲ. ಸರಾಸರಿಯನ್ನು ಒಬ್ಬನೇ ಮನುಷ್ಯ ಎಳೆದುಕೊಂಡು ಹೋಗಬಲ್ಲ. ಅಫಿಡವಿಟ್‌ನ ಒಟ್ಟು ಮೊತ್ತದಲ್ಲಿ ಸಾಲ ಕಳೆದಿರುವುದಿಲ್ಲ. ಇವನ್ನೆಲ್ಲ ಸರಿಪಡಿಸಿದರೆ ಶಾಸಕನಿಗೂ ಸಾಮಾನ್ಯನಿಗೂ ಇರುವ ಅಂತರ ಮಾಯವಾಗುತ್ತದೆಯೇ? ಇಲ್ಲ. ಆದರೆ ಆ ಅಂತರ ಆಸ್ತಿಯ ಗಾತ್ರಕ್ಕಿಂತ ಹೆಚ್ಚಾಗಿ ಆಸ್ತಿಯ ಬಗೆಯಲ್ಲಿದೆ ಎಂಬುದು ಕಾಣಿಸುತ್ತದೆ.

ಮೊದಲು ಸರಾಸರಿ. 43.42 ಕೋಟಿಯನ್ನು 286ರಿಂದ ಗುಣಿಸಿದರೆ ಸದನದ ಒಟ್ಟು ಘೋಷಿತ ಆಸ್ತಿ ಸುಮಾರು 12,418 ಕೋಟಿ. ಇದರಲ್ಲಿ ಘಾಟ್ಕೋಪರ್ ಪೂರ್ವದ ಪರಾಗ್ ಶಾ ಒಬ್ಬರದೇ 3,383 ಕೋಟಿ. ಕಾಲು ಪಾಲಿಗಿಂತ ಹೆಚ್ಚು. ಅವರೊಬ್ಬರನ್ನು ಬದಿಗಿಟ್ಟು ಉಳಿದ 285 ಮಂದಿಗೆ ಭಾಗಿಸಿ ನೋಡಿ: ಸರಾಸರಿ 31.7 ಕೋಟಿಗೆ ಇಳಿಯುತ್ತದೆ. ಒಬ್ಬ ಸದಸ್ಯನಿಂದ ಪ್ರತಿಯೊಬ್ಬನ ಲೆಕ್ಕಕ್ಕೂ ಸುಮಾರು 12 ಕೋಟಿ ಅಂಟಿಕೊಂಡಿತ್ತು ಎಂದಾಯಿತು.

2019ರಲ್ಲೂ ಅವರು ಅದೇ ಸದನದಲ್ಲಿದ್ದರು. ಆಗ ಘೋಷಿಸಿದ್ದು 500.62 ಕೋಟಿ. ಅಲ್ಲಿಯೂ ಅವರನ್ನು ಬಿಟ್ಟರೆ ಹಳೆಯ ಸರಾಸರಿ 20.7 ಕೋಟಿ. ಇನ್ನು ಹಣದುಬ್ಬರ. ಆದಾಯ ತೆರಿಗೆಯವರು ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕ 2019-20ಕ್ಕೆ 289, 2024-25ಕ್ಕೆ 363. ಆ ಪ್ರಕಾರ ಹಳೆಯ 20.7 ಕೋಟಿ 2024-25ರ 26 ಕೋಟಿಗೆ ಸಮ. 26ರಿಂದ 31.7ಕ್ಕೆ ಏರಿದ್ದು ಶೇ 22ರಷ್ಟು. ‘ಇಮ್ಮಡಿ’ ಎಂದು ಶುರುವಾದದ್ದು ಕಾಲು ಪಾಲಿಗೂ ಕಡಿಮೆ ಏರಿಕೆಯಾಗಿ ನಿಂತಿತು. ಅದೂ ಎರಡು ಸದನಗಳ ಬೇರೆ ಬೇರೆ ಮನುಷ್ಯರ ಹೋಲಿಕೆ. ಸೋತು ಹೋದ ಬಡ ಶಾಸಕನ ಜಾಗಕ್ಕೆ ಸಿರಿವಂತ ಶಾಸಕ ಬಂದರೂ ಸರಾಸರಿ ಏರುತ್ತದೆ, ಯಾರ ಆಸ್ತಿಯೂ ಒಂದು ಪೈಸೆ ಬೆಳೆಯದೆ.

ಹಾಗಾದರೆ 500 ಕೋಟಿ 3,383 ಕೋಟಿ ಆದದ್ದು ಹೇಗೆ? ಶಾ ಅವರು ಕಟ್ಟಿದ ಮ್ಯಾನ್ ಇನ್‌ಫ್ರಾಕನ್‌ಸ್ಟ್ರಕ್ಷನ್ ಷೇರುಪೇಟೆಯಲ್ಲಿ ನೋಂದಣಿಯಾದ ಕಂಪನಿ. ಆ ಐದು ವರ್ಷದಲ್ಲಿ ಅದರ ಷೇರಿನ ಬೆಲೆ ಹಲವು ಪಟ್ಟು ಏರಿತು. ಅಭ್ಯರ್ಥಿಗಳ ಅಫಿಡವಿಟ್‌ನ ನಮೂನೆಯಾದ ಫಾರ್ಮ್ 26ರ ನಿಯಮದಂತೆ ನೋಂದಾಯಿತ ಕಂಪನಿಯ ಷೇರಿಗೆ ಪೇಟೆಯ ದರವನ್ನೇ ಬರೆಯಬೇಕು. ನೋಂದಾಯಿಸದ ಖಾಸಗಿ ಕಂಪನಿಯ ಷೇರಿಗೆ ಲೆಕ್ಕಪುಸ್ತಕದ ಬೆಲೆ ಸಾಕು. ಈ ಒಂದು ವಾಕ್ಯದ ನಿಯಮ ಇಡೀ ಪಟ್ಟಿಯ ಕ್ರಮವನ್ನೇ ನಿರ್ಧರಿಸುತ್ತದೆ. 2005ರಲ್ಲಿ ಒಂದು ಲಕ್ಷ ಬಂಡವಾಳ ಹಾಕಿ ಶುರು ಮಾಡಿದ ಖಾಸಗಿ ಕಂಪನಿ ಈಗ ಪುಣೆ ಪಕ್ಕದ ಹಿಂಜೇವಾಡಿಯಲ್ಲಿ ಹತ್ತು ಎಕರೆ ಇಟ್ಟುಕೊಂಡಿದ್ದರೂ ಅಫಿಡವಿಟ್‌ನಲ್ಲಿ ಕಾಣುವುದು ಆ ಒಂದು ಲಕ್ಷವೇ ಆಗಿರಬಹುದು. ಪಟ್ಟಿಯಲ್ಲಿ ಎತ್ತರದಲ್ಲಿ ಕಾಣುವವರು ಹೆಚ್ಚು ಸಿರಿವಂತರು ಎನ್ನುವುದಕ್ಕಿಂತ ಹೆಚ್ಚು ತೆರೆದು ತೋರಿಸಿದವರು ಎಂದು ಹೇಳುವುದೇ ಕೆಲವೊಮ್ಮೆ ಹೆಚ್ಚು ಸರಿ.

ಫಾರ್ಮ್ 26ರ ಒಳಗೆ

ಸುಪ್ರೀಂ ಕೋರ್ಟ್ 2002ರ ಮೇ 2ರಂದು ಅಭ್ಯರ್ಥಿಗಳ ಆಸ್ತಿ, ಸಾಲ, ಶಿಕ್ಷಣ, ಅಪರಾಧ ಪ್ರಕರಣಗಳನ್ನು ಮತದಾರ ತಿಳಿಯಬೇಕು ಎಂದಿತು. ಸಂಸತ್ತು ಅದನ್ನು ಮೊಟಕುಗೊಳಿಸಲು ತಂದ ಪ್ರಜಾಪ್ರತಿನಿಧಿ ಕಾಯ್ದೆಯ 33ಬಿ ಕಲಮನ್ನು 2003ರ ಮಾರ್ಚ್ 13ರಂದು ಕೋರ್ಟು ರದ್ದು ಮಾಡಿತು. ಅಂದಿನಿಂದ ನಾಮಪತ್ರದ ಜೊತೆ ಪ್ರಮಾಣ ಮಾಡಿದ ಅಫಿಡವಿಟ್ ಕಡ್ಡಾಯ. 2013ರಲ್ಲಿ ಅಫಿಡವಿಟ್‌ನ ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ ಎಂಬ ತೀರ್ಪು ಬಂತು. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಬೇಕು. 2018ರ ಫೆಬ್ರುವರಿಯ ಲೋಕ್ ಪ್ರಹರಿ ಪ್ರಕರಣದ ತೀರ್ಪಿನ ಬಳಿಕ ಆದಾಯದ ಮೂಲವನ್ನೂ ಹೇಳಬೇಕಾಯಿತು. ಈಗಿನ ನಮೂನೆಯಲ್ಲಿ ಐದು ವರ್ಷದ ಆದಾಯ ತೆರಿಗೆ ರಿಟರ್ನ್‌ನ ಮೊತ್ತವೂ ಇದೆ, ವಿದೇಶದ ಆಸ್ತಿಗೂ ಜಾಗ ಇದೆ.

ಹೆಚ್ಚಿನವರು ಕೊನೆಯ ಭಾಗ ಬಿ, ಅಂದರೆ ಸಾರಾಂಶದ ಪುಟವನ್ನು ಮಾತ್ರ ನೋಡುತ್ತಾರೆ. ಪತ್ರಿಕೆಗಳ ಅಂಕಿ ಅಲ್ಲಿಂದಲೇ ಬರುವುದು. ನೋಡಬೇಕಾದ್ದು ಭಾಗ ಎ. ಅಲ್ಲಿ ಪ್ರತಿಯೊಂದು ಸಾಲಿಗೂ ಸ್ವಂತ, ಪತಿ ಅಥವಾ ಪತ್ನಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು ಎಂದು ಅಡ್ಡಕ್ಕೆ ಕಲಂಗಳಿರುತ್ತವೆ. ಎಡಿಆರ್‌ನ ಒಟ್ಟು ಮೊತ್ತದಲ್ಲಿ ಇವೆಲ್ಲ ಸೇರಿರುತ್ತವೆ. ‘ಶಾಸಕರ ಆಸ್ತಿ’ ಎಂದು ನಾವು ಹೇಳುವುದು ನಿಜದಲ್ಲಿ ಒಂದು ಮನೆಯ ಆಸ್ತಿ. ಅದನ್ನು ಒಬ್ಬ ವ್ಯಕ್ತಿಯ ಸಂಬಳದೊಂದಿಗೆ ಹೋಲಿಸುವುದು ಮೊದಲ ತಪ್ಪು.

ಚರಾಸ್ತಿಯಲ್ಲಿ ಕೈಯಲ್ಲಿರುವ ನಗದು, ಬ್ಯಾಂಕು ಠೇವಣಿ, ಷೇರು ಮತ್ತು ಮ್ಯೂಚುವಲ್ ಫಂಡ್, ಅಂಚೆ ಉಳಿತಾಯ ಹಾಗೂ ವಿಮೆ, ಇತರರಿಗೆ ಕೊಟ್ಟ ಸಾಲ, ವಾಹನ, ಚಿನ್ನ ಬೆಳ್ಳಿ, ಕೊನೆಗೆ ‘ಇತರೆ’. ಇವುಗಳಲ್ಲಿ ‘ಕೊಟ್ಟ ಸಾಲ’ ಎಂಬ ಸಾಲಿನಲ್ಲಿ ಕಣ್ಣು ನಿಲ್ಲಿಸಿ. ಅಭ್ಯರ್ಥಿ ಬ್ಯಾಂಕಿನಿಂದ 50 ಕೋಟಿ ಎತ್ತಿ ತನ್ನದೇ ಬಿಲ್ಡರ್ ಸಂಸ್ಥೆಗೆ ಕೈಸಾಲ ಕೊಟ್ಟರೆ ಆ 50 ಕೋಟಿ ಆಸ್ತಿಯಾಗಿ ಇಲ್ಲಿ ಬರುತ್ತದೆ, ಹೊಣೆಯಾಗಿ 8ನೇ ಕಲಮಿನಲ್ಲಿ ಇನ್ನೊಮ್ಮೆ ಬರುತ್ತದೆ. ಸುದ್ದಿಯಲ್ಲಿ ಬರುವುದು ಮೊದಲನೆಯದು ಮಾತ್ರ. ಆದ್ದರಿಂದ ಯಾರ ಅಫಿಡವಿಟ್ ತೆರೆದರೂ ಒಟ್ಟು ಆಸ್ತಿಯಿಂದ ಹೊಣೆ ಕಳೆದು ನಿವ್ವಳ ಎಷ್ಟು ಎಂದು ಮೊದಲು ಬರೆದಿಟ್ಟುಕೊಳ್ಳಿ. ಹೋಟೆಲು ಉದ್ಯಮದವರ ಅಫಿಡವಿಟ್‌ನಲ್ಲಿ ಪಾಲುದಾರಿಕೆಯ ಬಂಡವಾಳವೂ ಷೇರು, ಹೂಡಿಕೆಗಳ ಸಾಲಿನಲ್ಲೇ ಅಡಗಿರುತ್ತದೆ. ಇನ್ನೊಬ್ಬರ ಲೈಸೆನ್ಸಿನ ಹೋಟೆಲನ್ನು ಕಂಡಕ್ಟಿಂಗ್‌ಗೆ, ಅಂದರೆ ಗುತ್ತಿಗೆಗೆ ಪಡೆದು, ನಡೆಸುವವರಾದರೆ ವ್ಯಾಪಾರ ಎಷ್ಟೇ ದೊಡ್ಡದಿರಲಿ, ಕಟ್ಟಿದ ಡಿಪಾಸಿಟ್ ಬಿಟ್ಟರೆ ಆಸ್ತಿಯಾಗಿ ಹೆಚ್ಚೇನೂ ಕಾಣದು.

ಚಿನ್ನದ ಸಾಲು ಸುಲಭದ ಪರೀಕ್ಷೆ. ಅಲ್ಲಿ ತೂಕವೂ ಬೆಲೆಯೂ ಎರಡೂ ಬರೆಯಬೇಕು. ಬೆಲೆಯನ್ನು ತೂಕದಿಂದ ಭಾಗಿಸಿ. 2024ರ ಅಕ್ಟೋಬರ್ ಕೊನೆಗೆ ಅಪರಂಜಿ ಚಿನ್ನ ಹತ್ತು ಗ್ರಾಮಿಗೆ 75 ಸಾವಿರಕ್ಕೂ ಮೇಲಿತ್ತು. ಭಾಗಿಸಿದಾಗ ಹತ್ತು ಗ್ರಾಮಿಗೆ 30 ಸಾವಿರ ಬಂದರೆ ಹಳೆಯ ಖರೀದಿ ಬೆಲೆಯನ್ನೇ ಎತ್ತಿ ಬರೆದಿದ್ದಾರೆ ಎಂದರ್ಥ. ಚಿನ್ನದಲ್ಲಿ ಹೀಗೆ ಮಾಡಿದವರು ಜಮೀನಿನಲ್ಲಿ ಏನು ಮಾಡಿರಬಹುದು ಎಂಬ ಅಂದಾಜು ಅಲ್ಲೇ ಸಿಗುತ್ತದೆ.

ಸ್ಥಿರಾಸ್ತಿಯಲ್ಲಿ ಕೃಷಿ ಭೂಮಿ, ಕೃಷಿಯೇತರ ಭೂಮಿ, ವಾಣಿಜ್ಯ ಕಟ್ಟಡ, ವಾಸದ ಮನೆ ಎಂದು ಬೇರೆ ಬೇರೆ. ಪ್ರತಿಯೊಂದಕ್ಕೂ ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನ, ಕೊಂಡ ಬೆಲೆ, ಕಟ್ಟಲು ಹಾಕಿದ ಹಣ, ಈಗಿನ ಅಂದಾಜು ಮಾರುಕಟ್ಟೆ ಬೆಲೆ. ಈ ಕೊನೆಯದನ್ನು ಯಾರು ಅಂದಾಜು ಮಾಡಬೇಕು, ಯಾವ ಆಧಾರದ ಮೇಲೆ ಎಂದು ನಮೂನೆ ಹೇಳುವುದಿಲ್ಲ. ಕೆಲವರು ರೆಡಿ ರೆಕ್ನರ್ ದರ ಹಾಕುತ್ತಾರೆ, ಕೆಲವರು ಎಸ್ಟೇಟ್ ಏಜೆಂಟ್ ಹೇಳಿದ್ದು, ಇನ್ನು ಕೆಲವರು ಐದು ವರ್ಷದ ಹಿಂದಿನ ಅಫಿಡವಿಟ್‌ನ ಅಂಕಿಯನ್ನೇ ನಕಲು ಮಾಡುತ್ತಾರೆ. ರೆಡಿ ರೆಕ್ನರ್ ಅಂದರೆ ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಏಪ್ರಿಲ್ 1ಕ್ಕೆ ಪ್ರಕಟಿಸುವ ದರಪಟ್ಟಿ. ಮಹಾರಾಷ್ಟ್ರದಲ್ಲಿ 2022ರ ಏಪ್ರಿಲ್‌ನಲ್ಲಿ ಏರಿಸಿದ ದರವನ್ನು 2025ರ ಏಪ್ರಿಲ್‌ವರೆಗೆ ಮುಟ್ಟಲಿಲ್ಲ. ಹಾಗಾಗಿ 2024ರ ಚುನಾವಣೆಯಲ್ಲಿ ಪ್ರಾಮಾಣಿಕವಾಗಿ ರೆಕ್ನರ್ ದರ ಹಾಕಿದವರ ಆಸ್ತಿಯೂ ಎರಡೂವರೆ ವರ್ಷದಷ್ಟು ಹಿಂದಿನದು.

ನೀವೇ ಪರೀಕ್ಷಿಸುವುದಾದರೆ: ರೆಕ್ನರ್ ದರ ಚದರ ಮೀಟರಿಗೆ ಇರುತ್ತದೆ, ಅದೂ ಬಿಲ್ಟ್‌ಅಪ್ ವಿಸ್ತೀರ್ಣಕ್ಕೆ. ಅಫಿಡವಿಟ್‌ನಲ್ಲಿ ಸಾಮಾನ್ಯವಾಗಿ ಚದರ ಅಡಿ ಇರುತ್ತದೆ. 600 ಚದರ ಅಡಿ ಕಾರ್ಪೆಟ್ ಎಂದಿದ್ದರೆ ಹತ್ತನೇ ಒಂದು ಪಾಲು ಸೇರಿಸಿ 660, 10.764ರಿಂದ ಭಾಗಿಸಿದರೆ 61.3 ಚದರ ಮೀಟರ್. ಆ ವಿಭಾಗದ ದರ 90 ಸಾವಿರ ಎಂದಿಟ್ಟುಕೊಂಡರೆ 55 ಲಕ್ಷ. ಅಫಿಡವಿಟ್‌ನಲ್ಲಿ 25 ಲಕ್ಷ ಎಂದಿದ್ದರೆ ಪ್ರಶ್ನೆ ಕೇಳಬಹುದು. ಅಡಿಯನ್ನು ಮೀಟರಿಗೆ ಬದಲಿಸದೆ ಗುಣಿಸಿದರೆ ಉತ್ತರ ಹತ್ತು ಪಟ್ಟಿಗೂ ಹೆಚ್ಚು ಬರುತ್ತದೆ. ವಾಟ್ಸ್ಯಾಪ್‌ನಲ್ಲಿ ಓಡಾಡುವ ಎಷ್ಟೋ ‘ಹಗರಣ’ಗಳ ಮೂಲ ಇಷ್ಟೇ. ಜಮೀನಾದರೆ ಸರ್ವೆ ನಂಬರು ಹಿಡಿದು ಮಹಾರಾಷ್ಟ್ರದ ಭೂದಾಖಲೆ ತಾಣ ಮಹಾಭೂಲೇಖದಲ್ಲಿ ಸಾತ್‌ಬಾರಾ, ಅಂದರೆ ಅಲ್ಲಿನ ಪಹಣಿ, ತೆಗೆಯಿರಿ. ಫ್ಲ್ಯಾಟಾದರೆ ನೋಂದಣಿ ಇಲಾಖೆಯ ತಾಣದಲ್ಲಿ ಇಂಡೆಕ್ಸ್ ಟೂ, ಅಂದರೆ ನೋಂದಣಿಯಾದ ಖರೀದಿಪತ್ರದ ಸಾರಾಂಶ, ಹುಡುಕಿ, ಅದರಲ್ಲಿ ಕೊಂಡ ಬೆಲೆಯೂ ರೆಕ್ನರ್ ಬೆಲೆಯೂ ಪಕ್ಕಪಕ್ಕದಲ್ಲಿರುತ್ತವೆ. ಗೋವಾದಲ್ಲಾದರೆ ಪಹಣಿಯ ಜಾಗದಲ್ಲಿ ಫಾರ್ಮ್ ಒಂದು-ಹದಿನಾಲ್ಕು.

ನಮ್ಮದೇ ಫಾರ್ಮ್ ತುಂಬಿದರೆ

ಹೋಲಿಕೆಗೆ ಒಂದು ಕಲ್ಪಿತ ಮನೆ ತೆಗೆದುಕೊಳ್ಳೋಣ. ಗಂಡ ಅಂಧೇರಿಯ ಖಾಸಗಿ ಕಂಪನಿಯಲ್ಲಿ ಲೆಕ್ಕದ ಗುಮಾಸ್ತ, ಹೆಂಡತಿ ಶಾಲಾ ಶಿಕ್ಷಕಿ, ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು, ಕಾರ್ಕಳದ ಕಡೆ ಅವಿಭಕ್ತ ಜಮೀನಿನಲ್ಲಿ ಒಂದು ಪಾಲು. ಇವರು 2024ರ ಚುನಾವಣೆಗೆ ನಿಂತಿದ್ದರೆ ಫಾರ್ಮ್ 26 ಹೀಗೆ ತುಂಬುತ್ತಿತ್ತು: ಫ್ಲ್ಯಾಟು 60 ಲಕ್ಷ, ಊರಿನ ಪಾಲು 12 ಲಕ್ಷ. ಇಬ್ಬರ ಪಿಎಫ್ 16 ಲಕ್ಷ, ಠೇವಣಿ 4 ಲಕ್ಷ, ಎಲ್‌ಐಸಿ 3 ಲಕ್ಷ, ಮ್ಯೂಚುವಲ್ ಫಂಡ್ 2 ಲಕ್ಷ. ಚಿನ್ನ 150 ಗ್ರಾಂ, ಹತ್ತು ಗ್ರಾಮಿಗೆ 75 ಸಾವಿರದಂತೆ 11.25 ಲಕ್ಷ. ಸ್ಕೂಟರು 40 ಸಾವಿರ, ನಗದು 15 ಸಾವಿರ. ಒಟ್ಟು 1 ಕೋಟಿ 8 ಲಕ್ಷ 80 ಸಾವಿರ.

ಅಂದರೆ ಈ ಗುಮಾಸ್ತರ ಮನೆ ಎಡಿಆರ್ ಪಟ್ಟಿಯಲ್ಲಿ ಕೋಟ್ಯಧಿಪತಿ! ಗೃಹಸಾಲ 14 ಲಕ್ಷ ಕಳೆದರೆ 95 ಲಕ್ಷಕ್ಕೂ ಸ್ವಲ್ಪ ಕೆಳಗೆ ಬರುತ್ತಾರೆ, ಆದರೆ ಪಟ್ಟಿಯಲ್ಲಿ ಸಾಲ ಕಳೆಯುವುದಿಲ್ಲವಲ್ಲ. ಕೋಟಿಯ ಗಡಿಯನ್ನು ಅಫಿಡವಿಟ್‌ಗಳ ಮೊದಲ ಸುತ್ತಿನ ಕಾಲದಿಂದ ಯಾರೂ ಬದಲಿಸಿಲ್ಲ. 2004-05ರ ಸೂಚ್ಯಂಕ 113. ಅಂದಿನ ಒಂದು ಕೋಟಿಗೆ 2024-25ರಲ್ಲಿ 3.2 ಕೋಟಿ ಬೇಕಿತ್ತು. ಬೊರಿವಲಿಯಲ್ಲೋ ಕೊಥ್ರೂಡಿನಲ್ಲೋ ಸ್ವಂತ ಎರಡು ಬೆಡ್‌ರೂಮಿನ ಮನೆ ಇರುವ ನಿವೃತ್ತ ಬ್ಯಾಂಕ್ ನೌಕರರೆಲ್ಲ ಈ ಗಡಿ ದಾಟಿದವರೇ. ಶೇ 97 ಎಂಬ ಅಂಕಿಗೆ ಬೆಚ್ಚಿಬೀಳುವುದಕ್ಕಿಂತ, ಉಳಿದ ಒಂಬತ್ತು ಮಂದಿ ಈ ರಾಜ್ಯದಲ್ಲಿ ಶಾಸಕರಾಗಿಯೂ ಕೋಟಿಯ ಕೆಳಗೆ ಹೇಗೆ ಉಳಿದರು ಎಂದು ಕೇಳುವುದು ಹೆಚ್ಚು ಕುತೂಹಲದ್ದು.

ಈಗ ಅದೇ ಫಾರ್ಮನ್ನು ಇನ್ನೊಂದು ಕಣ್ಣಿನಿಂದ ನೋಡಿ. ಮನೆಯಲ್ಲಿ ವಾಸ ಇದ್ದಾರೆ, ಮಾರುವಂತಿಲ್ಲ. ಊರಿನ ಪಾಲು ಅಣ್ಣತಮ್ಮಂದಿರ ಸಹಿ ಇಲ್ಲದೆ ಕದಲದು. ಪಿಎಫ್ ನಿವೃತ್ತಿಗೆ. ಚಿನ್ನ ಮಗಳ ಮದುವೆಗೆ. ನಾಳೆ ಬೆಳಿಗ್ಗೆ ಬೇಕೆಂದರೆ ಎತ್ತಬಹುದಾದದ್ದು ಠೇವಣಿ, ಮ್ಯೂಚುವಲ್ ಫಂಡ್, ನಗದು: 6 ಲಕ್ಷ 15 ಸಾವಿರ. ಮಹಾರಾಷ್ಟ್ರದಲ್ಲಿ ವಿಧಾನಸಭೆ ಅಭ್ಯರ್ಥಿ ಕಾನೂನುಬದ್ಧವಾಗಿಯೇ 40 ಲಕ್ಷ ಖರ್ಚು ಮಾಡಬಹುದು, ಗೋವಾದಲ್ಲಿ 28 ಲಕ್ಷ, ಮುಂಬಯಿಯ ಲೋಕಸಭಾ ಕ್ಷೇತ್ರದಲ್ಲಿ 95 ಲಕ್ಷ. ಪಕ್ಷ ತಾನಾಗಿ ಮಾಡುವ ಪ್ರಚಾರ ವೆಚ್ಚಕ್ಕೆ ಮಿತಿಯೇ ಇಲ್ಲ. ವಿಧಾನಸಭೆಗೆ ನಾಮಪತ್ರದ ಠೇವಣಿ ಮಾತ್ರ 10 ಸಾವಿರ. ಬಾಗಿಲು ಅಗ್ಗ, ಒಳಗೆ ನಡೆಯುವುದು ದುಬಾರಿ. ಕೋಟ್ಯಧಿಪತಿ ಎಂಬ ಹೆಸರು ಹೊತ್ತ ನಮ್ಮ ದಂಪತಿ ಖರ್ಚಿನ ಮಿತಿಯ ಆರನೇ ಒಂದು ಪಾಲನ್ನೂ ಮುಟ್ಟಲಾರರು. ಶಾಸಕನ ಅಫಿಡವಿಟ್‌ನಲ್ಲಿ ನೀವು ಲೆಕ್ಕ ಹಾಕಬೇಕಾದದ್ದು ಇದನ್ನೇ: ಒಟ್ಟು ಆಸ್ತಿಯಲ್ಲಿ ಆತ ಒಂದು ವಾರದಲ್ಲಿ ಹಣ ಮಾಡಬಹುದಾದ ಪಾಲು ಎಷ್ಟು, ಬಾಡಿಗೆಯೋ ಡಿವಿಡೆಂಡೋ ತರುವ ಪಾಲು ಎಷ್ಟು, ತಲೆಯ ಮೇಲಿನ ಸೂರು ಎಷ್ಟು. ವಾಣಿಜ್ಯ ಕಟ್ಟಡ ಮತ್ತು ಷೇರುಗಳ ಸಾಲುಗಳು ಶಾಸಕರ ಫಾರ್ಮಿನಲ್ಲಿ ಹೇಗೆ ಉದ್ದ ಬೆಳೆದಿರುತ್ತವೆ, ನಮ್ಮ ಫಾರ್ಮಿನಲ್ಲಿ ಹೇಗೆ ‘ಇಲ್ಲ’ ಎಂದಿರುತ್ತವೆ ಎಂಬುದೇ ಅಸಲಿ ಹೋಲಿಕೆ.

ಡೊಂಬಿವಲಿಯ ಈ ಮನೆಯೂ ‘ಸಾಮಾನ್ಯ’ ಅಲ್ಲ ಎಂಬುದನ್ನೂ ಹೇಳಿಬಿಡಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತು 2018ರ ಜೂನ್ 30ಕ್ಕೆ ದೇಶದ ಕುಟುಂಬಗಳ ಆಸ್ತಿ ಲೆಕ್ಕ ಹಾಕಿತು. ನಗರದ ಕುಟುಂಬಕ್ಕೆ ಸರಾಸರಿ 27.17 ಲಕ್ಷ, ಹಳ್ಳಿಯ ಕುಟುಂಬಕ್ಕೆ 15.92 ಲಕ್ಷ. ಅದರಲ್ಲೂ ನಗರದಲ್ಲಿ ಶೇ 87, ಹಳ್ಳಿಯಲ್ಲಿ ಶೇ 91 ಬರೀ ಜಮೀನು ಮತ್ತು ಕಟ್ಟಡ. ಈ ಸಮೀಕ್ಷೆಯೂ ಎಡಿಆರ್‌ನಂತೆ ಸಾಲ ಕಳೆಯದ ಒಟ್ಟು ಆಸ್ತಿಯನ್ನೇ ಹೇಳುತ್ತದೆ, ಅದೂ ಕುಟುಂಬದ ಲೆಕ್ಕದಲ್ಲಿ. ಹಾಗಾಗಿ ಎರಡನ್ನೂ ಪಕ್ಕದಲ್ಲಿಡಬಹುದು. ಸೂಚ್ಯಂಕದಿಂದ 2024ರ ಬೆಲೆಗೆ ತಂದರೆ ನಗರದ ಕುಟುಂಬ ಸುಮಾರು 35 ಲಕ್ಷ, ಹಳ್ಳಿಯ ಕುಟುಂಬ ಸುಮಾರು 20.6 ಲಕ್ಷ. ಪರಾಗ್ ಶಾ ಅವರನ್ನು ಬಿಟ್ಟ 31.7 ಕೋಟಿಯನ್ನು ಇದರಿಂದ ಭಾಗಿಸಿದರೆ ನಗರದ ಕುಟುಂಬದ 90 ಪಟ್ಟು, ಹಳ್ಳಿಯ ಕುಟುಂಬದ ನೂರೈವತ್ತು ಪಟ್ಟಿಗೂ ಹೆಚ್ಚು. ಹಳೆಯ 27.17 ಲಕ್ಷಕ್ಕೆ ಹೊಸ 43.42 ಕೋಟಿಯನ್ನು ನೇರ ಹಿಡಿದು ‘160 ಪಟ್ಟು’ ಎನ್ನುವವರೂ ಇದ್ದಾರೆ. ಎರಡು ಬೇರೆ ವರ್ಷದ ರೂಪಾಯಿಯನ್ನು ಹಾಗೆ ಬೆರೆಸಬಾರದು.

ಸಮೀಕ್ಷೆಯ ಸರಾಸರಿಯೂ ಮೇಲಿನವರಿಂದ ಎಳೆಯಲ್ಪಟ್ಟದ್ದೇ. ವಿಶ್ವ ಅಸಮಾನತೆ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು 2022-23ಕ್ಕೆ ಹಾಕಿದ ಲೆಕ್ಕದಲ್ಲಿ ದೇಶದ ಸಂಪತ್ತಿನ ಶೇ 40.1 ಇರುವುದು ಮೇಲಿನ ಶೇ 1 ಮಂದಿಯ ಬಳಿ. ಕೆಳಗಿನ ಅರ್ಧ ಜನರ ಪಾಲಿಗೆ ತಲೆಗೆ ಎರಡು ಲಕ್ಷಕ್ಕೂ ಕಡಿಮೆ. ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ ಗದಗ, ವಿಜಯಪುರ ಕಡೆಯಿಂದ ಬಂದು ನೆಲೆಸಿದ ಕೂಲಿ ಕುಟುಂಬಗಳನ್ನು ನೆನೆಸಿಕೊಳ್ಳಿ. ತಲೆಮಾರು ಕಳೆದರೂ ಕೆಳಗಿನ ನೆಲದ ಹಕ್ಕುಪತ್ರ ಇಲ್ಲದವರ ಸ್ಥಿರಾಸ್ತಿ ಕಲಂನಲ್ಲಿ ಏನು ಬರೆಯುವುದು? ಮುಂಬಯಿಯಲ್ಲಿ ಇನ್ನೊಂದು ತಮಾಷೆ. ಗಿರ್‌ಗಾಂವ್‌ನ ಚಾಳಿನಲ್ಲೋ ಮಾಟುಂಗದ ಹಳೆಯ ಕಟ್ಟಡದಲ್ಲೋ ಪಗಡಿಯ ಮೇಲೆ, ಅಂದರೆ ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಪಡೆದ ಬಾಡಿಗೆ ಹಕ್ಕಿನಲ್ಲಿ, ಇರುವವರು ಮಾಲೀಕರಲ್ಲ, ಕೇವಲ ಬಾಡಿಗೆದಾರರು; ಆದರೆ ಆ ಬಾಡಿಗೆ ಹಕ್ಕನ್ನು ಕೈಬದಲಾಯಿಸಿದರೆ ಲಕ್ಷಗಟ್ಟಲೆ ಬರುತ್ತದೆ, ಕಟ್ಟಡ ರಿಡೆವಲಪ್‌ಮೆಂಟಿಗೆ ಹೋದರೆ ಕೋಟಿಯ ಮನೆಯೇ ಸಿಗಬಹುದು. ಹೀಗೆ ಒಂದು ಕಡೆ ಆಸ್ತಿ ಇದ್ದೂ ಕಾಗದದಲ್ಲಿ ಇಲ್ಲದವರು, ಇನ್ನೊಂದು ಕಡೆ ಕಾಗದದಲ್ಲಿ ಕೋಟಿ ಇದ್ದೂ ಕೈಯಲ್ಲಿ ಇಲ್ಲದವರು.

ಗೋವಾದ ಜೋಡಿ ಲೆಕ್ಕ

ಗೋವಾದಲ್ಲಿ ಎಡಿಆರ್ ಮಾದರಿಯ ಒಟ್ಟು ಮೊತ್ತ ಇನ್ನಷ್ಟು ಜಾರುತ್ತದೆ. 2022ರಲ್ಲಿ ಅಲ್ಲಿನ 40 ಸ್ಥಾನಗಳಿಗೆ ಮೂರು ದಂಪತಿಗಳು ಆರಿಸಿ ಬಂದರು: ವಾಳ್ಪೈ ಮತ್ತು ಪೊರ್ಯೆಂನಿಂದ ರಾಣೆ ದಂಪತಿ, ಪಣಜಿ ಮತ್ತು ತಾಳಗಾಂವ್‌ನಿಂದ ಮೊನ್ಸೆರಾತ್ ದಂಪತಿ, ಕಲಂಗುಟ್ ಮತ್ತು ಶಿವೊಲಿಯಿಂದ ಲೋಬೋ ದಂಪತಿ. ಗಂಡನ ಅಫಿಡವಿಟ್‌ನಲ್ಲಿ ಹೆಂಡತಿಯ ಆಸ್ತಿಯ ಕಲಂ ಇದೆ, ಹೆಂಡತಿಯ ಅಫಿಡವಿಟ್‌ನಲ್ಲಿ ಗಂಡನದು. ಒಂದೇ ಮನೆ, ಒಂದೇ ತೋಟ, ಒಂದೇ ಹೋಟೆಲು ಸದನದ ಒಟ್ಟು ಲೆಕ್ಕದಲ್ಲಿ ಎರಡು ಸಲ ಬಿದ್ದುಬಿಡುತ್ತದೆ. 40ರಲ್ಲಿ ಆರು ಮಂದಿ ಹೀಗಾದಾಗ ಸರಾಸರಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರತಿ ಜೋಡಿಯಿಂದ ಒಂದು ಅಫಿಡವಿಟ್ ಮಾತ್ರ ಹಿಡಿದು 37 ಮನೆಗಳೆಂದು ಲೆಕ್ಕ ಹಾಕುವುದು ಸರಿ.

ಅದರ ಮೇಲೆ ಗೋವಾದಲ್ಲಿ ಈಗಲೂ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ನಡೆಯುತ್ತದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಂಡಿಲ್ಲದಿದ್ದರೆ ಗಂಡಹೆಂಡಿರ ಆಸ್ತಿ ಇಬ್ಬರಿಗೂ ಅರ್ಧರ್ಧ, ಮದುವೆಗೆ ಮೊದಲೇ ಇದ್ದದ್ದೂ ಸೇರಿ. ಆದಾಯ ತೆರಿಗೆ ಕಾಯ್ದೆಯೂ ಇದನ್ನು ಒಪ್ಪಿಕೊಂಡು, ಸಂಬಳ ಬಿಟ್ಟು ಉಳಿದ ಆದಾಯವನ್ನು ಇಬ್ಬರ ರಿಟರ್ನ್‌ನಲ್ಲೂ ಸಮ ಹಂಚುತ್ತದೆ. ಆದ್ದರಿಂದ ಗೋವಾದ ಅಭ್ಯರ್ಥಿಯ ‘ಸ್ವಂತ’ ಕಲಂನಲ್ಲಿರುವ ಮೊತ್ತವನ್ನು ಮಹಾರಾಷ್ಟ್ರದ ಅಭ್ಯರ್ಥಿಯ ‘ಸ್ವಂತ’ ಕಲಂನೊಂದಿಗೆ ಹೋಲಿಸಿದರೆ ಗೋವಾದವರು ಅರ್ಧ ಬಡವರಂತೆ ಕಾಣುತ್ತಾರೆ. ರಾಜ್ಯ ರಾಜ್ಯ ಹೋಲಿಸುವಾಗ ಎರಡೂ ಕಲಂ ಕೂಡಿಸಿಯೇ ನೋಡಬೇಕು.

ಕಾಗದಕ್ಕೆ ಬಾರದ್ದು

‘ಅವಲಂಬಿತರು’ ಎಂದರೆ ಸ್ವಂತ ಆದಾಯ ಇಲ್ಲದೆ ಅಭ್ಯರ್ಥಿಯನ್ನೇ ನಂಬಿಕೊಂಡವರು ಎಂದು ನಮೂನೆಯಲ್ಲೇ ಅರ್ಥ ಕೊಟ್ಟಿದೆ. 26 ವರ್ಷದ ಮಗ ಒಂದು ಸಣ್ಣ ಸಂಸ್ಥೆಯ ಡೈರೆಕ್ಟರಾಗಿ ತಿಂಗಳಿಗೆ 30 ಸಾವಿರ ತೆಗೆದುಕೊಂಡರೂ ಆತ ಅವಲಂಬಿತನಲ್ಲ. ಆತನ ಹೆಸರಿನ ನೂರು ಎಕರೆ ಅಪ್ಪನ ಅಫಿಡವಿಟ್‌ಗೆ ಬರಬೇಕಾಗಿಲ್ಲ. ಸ್ವಂತ ಆದಾಯ ಇದ್ದರೆ ಸೊಸೆ, ಅಳಿಯ, ಅಣ್ಣತಮ್ಮ ಯಾರದೂ ಬರುವುದಿಲ್ಲ. ಶಿಕ್ಷಣ ಸಂಸ್ಥೆ ನಡೆಸುವ ಟ್ರಸ್ಟಿನ ಆಸ್ತಿ ಅಧ್ಯಕ್ಷನದ್ದಲ್ಲ, ಸಕ್ಕರೆ ಕಾರ್ಖಾನೆ ಸಹಕಾರಿ ಸಂಘದ್ದು. ಪಶ್ಚಿಮ ಮಹಾರಾಷ್ಟ್ರದ ರಾಜಕೀಯ ತಿಳಿದವರಿಗೆ ಇದರ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅಧಿಕಾರ ಇರುವುದು ಒಡೆತನದಲ್ಲಲ್ಲ, ಆಡಳಿತ ಮಂಡಳಿಯಲ್ಲಿ; ಫಾರ್ಮ್ 26 ಕೇಳುವುದು ಒಡೆತನವನ್ನು. ಇವು ಸುಳ್ಳು ಹೇಳುವ ದಾರಿಗಳಲ್ಲ, ನಿಯಮದೊಳಗೇ ಇರುವ ಖಾಲಿ ಜಾಗಗಳು. ಚಿಕ್ಕಪುಟ್ಟ ಚರಾಸ್ತಿಯ ಬಗ್ಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಸಡಿಲ ಮಾಡಿದೆ: ಗಣನೀಯ ಬೆಲೆಯದ್ದೋ ಐಷಾರಾಮದ್ದೋ ಅಲ್ಲದಿದ್ದರೆ ಪ್ರತಿಯೊಂದು ವಸ್ತುವನ್ನೂ ಬರೆಯಬೇಕಾಗಿಲ್ಲ ಎಂದು.

ಆಸ್ತಿ ಬೆಳೆದದ್ದು ನ್ಯಾಯವಾಗಿಯೋ ಎಂದು ತಿಳಿಯಲು ಒಂದು ಒರಟು ಲೆಕ್ಕ ಇದೆ. ಒಬ್ಬರದೇ ಎರಡು ಚುನಾವಣೆಯ ಅಫಿಡವಿಟ್ ತೆಗೆಯಿರಿ. ಹೊಸ ನಿವ್ವಳ ಆಸ್ತಿಯಿಂದ ಹಳೆಯದನ್ನು ಕಳೆಯಿರಿ. ಎರಡರಲ್ಲೂ ಇರುವ ಅದೇ ಜಮೀನು, ಅದೇ ಫ್ಲ್ಯಾಟು, ಅದೇ ಷೇರುಗಳ ಬೆಲೆ ಏರಿದ್ದನ್ನು ಬೇರೆ ತೆಗೆಯಿರಿ. ಪಿತ್ರಾರ್ಜಿತವಾಗಿ ಹೊಸದಾಗಿ ಬಂದದ್ದನ್ನೂ ತೆಗೆಯಿರಿ. ಉಳಿದದ್ದು ಹೊಸದಾಗಿ ಕೊಂಡದ್ದು, ಕೂಡಿಟ್ಟದ್ದು. ಅದನ್ನು 4ನೇ ಕಲಮಿನ ಐದು ವರ್ಷದ ಆದಾಯದ ಮೊತ್ತದ ಪಕ್ಕದಲ್ಲಿಡಿ. ಆದಾಯ ಐದು ವರ್ಷಕ್ಕೆ 60 ಲಕ್ಷ, ಹೊಸ ಖರೀದಿ 6 ಕೋಟಿ ಎಂದಾದರೆ ನಡುವಿನ ಹಣ ಎಲ್ಲಿಂದ ಎಂದು ಕೇಳಬಹುದು. ಕೇಳುವ ಮುನ್ನ ಎರಡು ಎಚ್ಚರ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್‌ನ ಒಟ್ಟು ಆದಾಯದಲ್ಲಿ ಅದು ಕಾಣುವುದಿಲ್ಲ. ಹಳೆಯ ಆಸ್ತಿ ಮಾರಿ ಹೊಸದು ಕೊಂಡಿದ್ದರೆ ಹಳೆಯದು ಎರಡನೇ ಅಫಿಡವಿಟ್‌ನಿಂದ ಸುಮ್ಮನೆ ಮಾಯವಾಗಿರುತ್ತದೆ. ಅದನ್ನು ಗುರುತಿಸದೆ ಇದ್ದರೆ ಪ್ರಾಮಾಣಿಕನೂ ಕಳ್ಳನಂತೆ ಕಾಣುತ್ತಾನೆ.

ಸಂಬಳದಿಂದ ಇಷ್ಟು ಬೆಳೆಯಲಾರದು ಎಂಬುದಂತೂ ಸ್ಪಷ್ಟ. ಸಂಸದರ ಸಂಬಳ 2025ರ ಮಾರ್ಚ್‌ನ ಆದೇಶದಂತೆ ತಿಂಗಳಿಗೆ 1.24 ಲಕ್ಷ, ಭತ್ಯೆಗಳು ಬೇರೆ. ಒಂದು ರೂಪಾಯಿ ಖರ್ಚು ಮಾಡದೆ ಐದು ವರ್ಷ ಕೂಡಿಟ್ಟರೂ 74.4 ಲಕ್ಷ. 2024ರ ಲೋಕಸಭೆಯ ಸದಸ್ಯರ ಸರಾಸರಿ ಆಸ್ತಿ 46.34 ಕೋಟಿ, 2009ರಲ್ಲಿ ಅದು 5.35 ಕೋಟಿ. ಹಾಗೆಂದು ಅಧಿಕಾರವೇ ಹಣ ತರುತ್ತದೆ ಎಂದೂ ನೇರವಾಗಿ ಹೇಳಲಾಗದು, ಏಕೆಂದರೆ ಹಣ ಇರುವವರಿಗೇ ಟಿಕೆಟ್ ಸಿಗುವುದೂ ಇದೆ, ಆ ವರ್ಷಗಳಲ್ಲಿ ಸಿರಿವಂತರೆಲ್ಲರ ಆಸ್ತಿ ಏರಿದ್ದೂ ಇದೆ. ರೇಮಂಡ್ ಫಿಸ್ಮನ್, ಫ್ಲೋರಿಯನ್ ಶುಲ್ಜ್, ವಿಕ್ರಾಂತ್ ವಿಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದಕ್ಕೆ ಜಾಣ ದಾರಿ ಹುಡುಕಿದರು. ಒಂದೇ ಕ್ಷೇತ್ರದಲ್ಲಿ ಗೆದ್ದವನನ್ನೂ ಎರಡನೇ ಸ್ಥಾನಕ್ಕೆ ಬಂದವನನ್ನೂ ಹಿಡಿದು, ಇಬ್ಬರೂ ಮುಂದಿನ ಚುನಾವಣೆಗೆ ಮತ್ತೆ ನಿಂತಾಗ ಸಲ್ಲಿಸಿದ ಅಫಿಡವಿಟ್‌ಗಳನ್ನು ಹೋಲಿಸಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಗೆದ್ದವರ ಆಸ್ತಿ ಸೋತವರದಕ್ಕಿಂತ ವರ್ಷಕ್ಕೆ ಶೇ 3ರಿಂದ 5ರಷ್ಟು ಹೆಚ್ಚು ವೇಗವಾಗಿ ಬೆಳೆದಿತ್ತು, ಮಂತ್ರಿಗಳದು ಅದಕ್ಕೂ ಹೆಚ್ಚು. ನಿಮ್ಮ ಕ್ಷೇತ್ರಕ್ಕೂ ಇದೇ ವಿಧಾನ ಬಳಸಬಹುದು. ಸೋತವರ ಅಫಿಡವಿಟ್ ಕೂಡ ಚುನಾವಣಾ ಆಯೋಗದ ತಾಣದಲ್ಲೂ ಎಡಿಆರ್‌ನ ಮೈನೇತಾ ತಾಣದಲ್ಲೂ ಇರುತ್ತದೆ.

ಕಷ್ಟ ಬರುವುದು ಮತ್ತೆ ಚುನಾವಣೆಗೆ ನಿಲ್ಲದವರ ವಿಷಯದಲ್ಲಿ. ಒಮ್ಮೆ ಗೆದ್ದು, ಐದು ವರ್ಷ ಮಂತ್ರಿಯಾಗಿ, ಮುಂದಿನ ಸಲ ಮಗನಿಗೆ ಟಿಕೆಟ್ ಕೊಡಿಸಿದವರ ಎರಡನೇ ಅಫಿಡವಿಟ್ ಬರುವುದೇ ಇಲ್ಲ. ಸಂಸದರಾದರೆ ಪ್ರಮಾಣವಚನದ 90 ದಿನದೊಳಗೆ ಸಭಾಧ್ಯಕ್ಷರಿಗೆ ಆಸ್ತಿ ವಿವರ ಕೊಡಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 75ಎ ಕಲಮು. ಶಾಸಕರಿಗೆ ಆ ಕಲಮು ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಾದರೆ ಲೋಕಾಯುಕ್ತ ಕಾಯ್ದೆಯಂತೆ ಶಾಸಕರು ಪ್ರತಿ ವರ್ಷ ಲೋಕಾಯುಕ್ತರಿಗೆ ವಿವರ ಸಲ್ಲಿಸಬೇಕು, ನಮ್ಮವರಲ್ಲಿ ಅನೇಕರಿಗೆ ಗೊತ್ತಿರುವ ವಿಷಯವೇ.

ಅಫಿಡವಿಟ್ ಸುಳ್ಳೆಂದು ಕಂಡರೆ ಮಾಡಬಹುದಾದದ್ದಕ್ಕೆ ಗಡುವುಗಳಿವೆ. ನಾಮಪತ್ರ ಪರಿಶೀಲನೆಯ ಸಮಯದಲ್ಲೇ ಮತದಾರರು ಚುನಾವಣಾಧಿಕಾರಿಗೆ ಪ್ರತಿ-ಅಫಿಡವಿಟ್ ಸಲ್ಲಿಸಬಹುದು. ಅದನ್ನೂ ನೋಟಿಸ್ ಬೋರ್ಡಿಗೆ ಹಾಕಬೇಕು, ತಾಣಕ್ಕೆ ಏರಿಸಬೇಕು. ಆದರೆ ಬರೆದದ್ದು ಸುಳ್ಳು ಎಂಬ ಕಾರಣಕ್ಕೆ ಅಧಿಕಾರಿ ನಾಮಪತ್ರ ತಿರಸ್ಕರಿಸಲಾರ. ನೋಟಿಸ್ ಕೊಟ್ಟ ಮೇಲೂ ಕಲಂ ಖಾಲಿ ಬಿಟ್ಟರೆ ಮಾತ್ರ ಆ ಅಧಿಕಾರ. ಗೆದ್ದ ಮೇಲೆ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಬೇಕು. ಆ ಕ್ಷೇತ್ರದ ಮತದಾರರೂ ಹಾಕಬಹುದು, ಅಭ್ಯರ್ಥಿಯೇ ಆಗಬೇಕಾಗಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಸುಳ್ಳು ಅಫಿಡವಿಟ್‌ಗೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಶಿಕ್ಷೆಯಾದರೂ ಸದಸ್ಯತ್ವ ತಾನಾಗಿ ಹೋಗುವುದಿಲ್ಲ. ಅನರ್ಹಗೊಳಿಸುವ ಅಪರಾಧಗಳ ಪಟ್ಟಿಯಲ್ಲಿ ಈ ಕಲಮು ಇಲ್ಲ. ಪ್ರತಿ-ಅಫಿಡವಿಟ್ ಹಾಕುವವರಿಗೆ ಒಂದು ಮಾತು: ‘ಆಸ್ತಿ ಮುಚ್ಚಿಟ್ಟಿದ್ದಾರೆ’ ಎಂದು ಬರೆದರೆ ಯಾರೂ ಓದುವುದಿಲ್ಲ. ಸಾತ್‌ಬಾರಾ ಅಥವಾ ಇಂಡೆಕ್ಸ್ ಟೂ ಪ್ರತಿ ಲಗತ್ತಿಸಿ, ಸರ್ವೆ ನಂಬರು, ದಾಖಲೆಯ ದಿನಾಂಕ, ಅಫಿಡವಿಟ್‌ನ ಯಾವ ಕಲಂ, ಯಾವ ಪುಟ ಎಂದು ಬರೆಯಿರಿ.